ಗೆರೆಯ ಒಳಗೆ ನಿಂತವನು



ಆಟದ ವಿಷಯವನ್ನು ಎತ್ತಿಕೊಂಡು ಲೇಖನ ಬರೆಯುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆಟ ಮುಗಿಯಿತೆಂದರೆ ಎಲ್ಲವೂ ಮುಗಿಯಿತು, ಅದರಲ್ಲಿ ನ್ಯಾಯಾನ್ಯಾಯದ ಚರ್ಚೆಯೇಕೆ ಎಂದು ಕೇಳುವವರಿದ್ದಾರೆ. ಮೊನ್ನೆ ಮೊನ್ನೆಯವರೆಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಯಲ್ಲಾಪುರ ತಾಲೂಕಿನ ನಮ್ಮ ನಂದೊಳ್ಳಿಯ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆಗಳು ಒಣಗಿದವೆಂದರೆ ಹುಡುಗರ ಕೈಗೆ ಟೆನಿಸ್ ಚೆಂಡು ಬರುತ್ತದೆ. ಸುತ್ತಮುತ್ತಲಿನ ಊರುಗಳ ತಂಡಗಳು ಸೇರಿ ಕ್ರಿಕೆಟ್ ಪಂದ್ಯಾಟ ನಡೆಸುತ್ತವೆ. ಗೆದ್ದವರಿಗೆ ಒಂದು ಶೀಲ್ಡು, ಜೊತೆಗೆ ಒಂದಿಷ್ಟು ನಗದು. (ಎಲ್ಲ ತಂಡಗಳಿಂದ ಪ್ರವೇಶ ಶುಲ್ಕ ಕೂಡಿಸಿ ಅದನ್ನೇ ಬಹುಮಾನವಾಗಿ ಹಂಚುವುದು ಧರ್ಮದ ದೃಷ್ಟಿಯಲ್ಲಿ ಎಷ್ಟು ಸರಿ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಇನ್ನೊಂದು ಲೇಖನ ಬೇಕು.) ಬೆಳಿಗ್ಗೆ ಸುಣ್ಣದ ಪುಡಿಯಲ್ಲಿ ಬೌಂಡರಿಯ ಗೆರೆ ಎಳೆಯುತ್ತಾರೆ. ಮಧ್ಯಾಹ್ನವಾಗುವುದರೊಳಗೆ ಅದು ಅರ್ಧ ಅಳಿಸಿ ಹೋಗಿರುತ್ತದೆ, ಏಕೆಂದರೆ ನೋಡಲು ಬಂದವರು ಅದರ ಮೇಲೆಯೇ ನಿಂತಿರುತ್ತಾರೆ.

ಕಳೆದ ಬೇಸಿಗೆಯ ಅಂತಿಮ ಪಂದ್ಯದ ಕೊನೆಯ ಎಸೆತದಲ್ಲಿ ನಮ್ಮ ಹುಡುಗರಿಗೆ ಗೆಲ್ಲಲು ನಾಲ್ಕು ರನ್ನು ಬೇಕಾಗಿತ್ತು. ಬ್ಯಾಟಿಗೆ ತಾಗಿದ ಚೆಂಡು ಉರುಳುತ್ತಾ ಗೆರೆಯ ಕಡೆ ಬಂತು. ನೆರೆಯೂರಿನ ಫೀಲ್ಡರ್ ಓಡೋಡಿ ಬಂದು ಕೈ ಚಾಚಿದ. ಅಷ್ಟರಲ್ಲಿ ಆ ಚೆಂಡು ಪ್ರೇಕ್ಷಕರ ಸಾಲಿನಲ್ಲಿದ್ದ ಒಬ್ಬ ಹುಡುಗನ ಕಾಲಿಗೆ ತಾಗಿ ದಿಕ್ಕು ಬದಲಿಸಿ ಗೆರೆ ದಾಟಿ ಹೋಯಿತು. ಮೂರನೆಯ ಊರಿನವನಾದ ಅಂಪೈರ್ ದೂರದಿಂದ ನೋಡಿ ಕೈಯಾಡಿಸಿ ಬೌಂಡರಿ ಎಂದು ಸಾರಿದ. ನಾವು ಗೆದ್ದೆವು. ಹುಡುಗ ಗೆರೆಯ ಒಳಗೆ ನಿಂತಿದ್ದ, ಆದುದರಿಂದ ಓಡಿದ ಎರಡು ರನ್ನು ಮಾತ್ರ ಲೆಕ್ಕಕ್ಕೆ ಬರಬೇಕು ಎಂದು ನೆರೆಯೂರಿನವರು ವಾದಿಸಿದರು. ಗೆರೆಯ ಹೊರಗಿದ್ದ ಎಂದು ನಮ್ಮವರು ಕೂಗಿದರು. ಯಾರೋ ಮೊಬೈಲಿನಲ್ಲಿ ತೆಗೆದಿದ್ದ ವೀಡಿಯೋವನ್ನು ನೋಡಿದರೆ ಸರಿಯಾಗಿ ಹುಡುಗನ ಕಾಲಿನ ಜಾಗದಲ್ಲಿಯೇ ಬೇರೊಬ್ಬನ ಬೆನ್ನು ಅಡ್ಡ ಬಂದಿತ್ತು. ಮಗ್ರಿಬ್‌ನ ಬಾಂಗ್ ಆಗುವವರೆಗೂ ಜಗಳ ನಡೆಯಿತು. ಕಾಲು ಕೊಟ್ಟ ಹುಡುಗನನ್ನು ನಮ್ಮ ತರುಣರು ಹೆಗಲ ಮೇಲೆ ಹೊತ್ತುಕೊಂಡು ಕೇರಿಗೆ ಬಂದರು.

ಆ ಹುಡುಗ ಬೆಳಗಿನ ಮದ್ರಸದಲ್ಲಿ ನನ್ನ ಬಳಿ ಓದುವವನು. ಹನ್ನೊಂದು ವರ್ಷ. ಮರುದಿನ ಪಾಠ ಮುಗಿದು ಎಲ್ಲರೂ ಹೋದ ಮೇಲೂ ಅವನು ಚಾಪೆಯ ಅಂಚಿನಲ್ಲಿ ಕುಳಿತೇ ಇದ್ದ. ಏನೆಂದು ಕೇಳಿದಾಗ, “ಹಜ್ರತ್, ನಾನು ನಿಂತಿದ್ದು ಗೆರೆಯ ಒಳಗೆ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಾಲು ತೆಗೆಯಬಹುದಿತ್ತು. ತೆಗೆಯಲಿಲ್ಲ” ಎಂದ. ಆಮೇಲೆ ಕೇಳಿದ: “ಆಟದಲ್ಲಿಯೂ ಲೆಕ್ಕ ಇದೆಯಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಗದ್ದೆಯ ಬದುವಿನ ಮೇಲೆ ಕುಳಿತು ನಾನೂ ಆ ಪಂದ್ಯವನ್ನು ನೋಡುತ್ತಿದ್ದೆ. ಹುಡುಗನ ಕಾಲು ಒಂದು ಗೇಣಿನಷ್ಟು ಒಳಗಿದ್ದುದನ್ನು ನಾನೂ ಕಂಡಿದ್ದೆ. ನಾನೂ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಗದ್ದೆಯಲ್ಲಿ ನಡೆದ ಈ ಸಣ್ಣ ವಿಷಯದ ಮೇಲೆ ಅಮೆರಿಕದಲ್ಲಿ ದೊಡ್ಡ ದೊಡ್ಡ ವಾದಗಳೇ ನಡೆದಿವೆ ಎಂಬುದು ನಿಮಗೆ ಆಶ್ಚರ್ಯವೆನಿಸಬಹುದು. ಅಲ್ಲಿನ ಜನಪ್ರಿಯ ಆಟ ಬೇಸ್‌ಬಾಲ್. ಅದರಲ್ಲಿ ಹೊಡೆದ ಚೆಂಡು ನೆಲಕ್ಕೆ ಬೀಳದೆ ಬೇಲಿ ದಾಟಿ ಪ್ರೇಕ್ಷಕರ ನಡುವೆ ಬಿದ್ದರೆ, ನಮ್ಮ ಸಿಕ್ಸರ್‌ನಂತೆ, ಹೊಡೆದವನಿಗೆ ಪೂರ್ಣ ಲಾಭ. ಬೇಲಿಯ ಬಳಿ ಫೀಲ್ಡರ್ ಹಾರಿ ಹಿಡಿದರೆ ಹೊಡೆದವನು ಔಟ್. ಬೇಲಿಗೆ ಅಂಟಿಕೊಂಡೇ ಪ್ರೇಕ್ಷಕರು ಕುಳಿತಿರುವುದರಿಂದ ಅವರ ಕೈಯೂ ಫೀಲ್ಡರನ ಕೈಯೂ ಒಂದೇ ಚೆಂಡಿಗೆ ಚಾಚುವುದುಂಟು. ನಿಯಮವೇನೋ ಸರಳವಾಗಿದೆ. ಪ್ರೇಕ್ಷಕನು ಬೇಲಿ ದಾಟಿಸಿ ಮೈದಾನದೊಳಗೆ ಕೈ ಚಾಚಿ ಚೆಂಡಿಗೆ ಅಡ್ಡ ಬಂದರೆ ಅದು ಅಡ್ಡಿ. ಆಗ ಆ ಅಡ್ಡಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಂಪೈರ್ ಊಹಿಸಿ ತೀರ್ಪು ಕೊಡಬೇಕು. ಫೀಲ್ಡರನೇ ಬೇಲಿಯಾಚೆ ಕೈ ಚಾಚಿದರೆ ಆ ಹೊಣೆ ಅವನದೇ. ಎಲ್ಲವೂ ನಿಂತಿರುವುದು ಕೈ ಗೆರೆಯ ಯಾವ ಬದಿಯಲ್ಲಿತ್ತು ಎಂಬುದರ ಮೇಲೆ.

2018ರ ಅಕ್ಟೋಬರ್ 17ರಂದು ಹ್ಯೂಸ್ಟನ್ ನಗರದಲ್ಲಿ ಇಂತಹದೇ ಒಂದು ಗಳಿಗೆ ಬಂತು. ಹ್ಯೂಸ್ಟನ್ ತಂಡದ ಹೋಸೆ ಅಲ್ಟೂವೆ ಹೊಡೆದ ಚೆಂಡು ಬೇಲಿಯ ಮೇಲೆ ಬಂದಾಗ ಬಾಸ್ಟನ್ ತಂಡದ ಮೂಕಿ ಬೆಟ್ಸ್ ಜಿಗಿದ. ಅವನ ಗವಸಿಗೆ ಪ್ರೇಕ್ಷಕರ ಕೈ ತಾಗಿ ಚೆಂಡು ತಪ್ಪಿತು. ಅಂಪೈರ್ ಪ್ರೇಕ್ಷಕರ ಅಡ್ಡಿಯೆಂದು ತೀರ್ಮಾನಿಸಿ ಹೊಡೆದವನನ್ನು ಔಟ್ ಎಂದ. ಹ್ಯೂಸ್ಟನ್‌ಗೆ ಬರಬಹುದಾಗಿದ್ದ ಎರಡು ರನ್ ಹೋಯಿತು. ಆ ಪಂದ್ಯವನ್ನು ಅದು ಸೋತದ್ದು 8-6ರಿಂದ, ಅಂದರೆ ಅದೇ ಎರಡು ರನ್ನಿನಿಂದ. ಕ್ಯಾಮೆರಾಗಳ ಮೂಲಕ ಮರುಪರಿಶೀಲನೆಯೂ ಆಯಿತು. ಆದರೆ ಬೇಲಿಯ ಗೆರೆಗೆ ನೇರವಾಗಿದ್ದ ಕ್ಯಾಮೆರಾಕ್ಕೆ ಒಬ್ಬ ಕಾವಲುಗಾರ ಅಡ್ಡವಾಗಿದ್ದ. ಸ್ಪಷ್ಟ ಆಧಾರ ಸಿಗದ ಕಾರಣ ಮೊದಲ ತೀರ್ಪೇ ಉಳಿಯಿತು. ನಂದೊಳ್ಳಿಯ ಮೊಬೈಲಿನಲ್ಲಿ ಕಂಡ ಆ ಬೆನ್ನನ್ನು ನೆನೆದು ನನಗೆ ನಗು ಬಂತು. ಕೋಟ್ಯಂತರ ರೂಪಾಯಿಯ ವ್ಯವಸ್ಥೆಗೂ ನಮ್ಮ ಗದ್ದೆಗೂ ಆ ಮಟ್ಟಿಗೆ ಅಂತರವಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದಕ್ಕಿಂತ ಹಿಂದಿನ ಎರಡು ಪ್ರಕರಣಗಳು. ಮೊದಲನೆಯದು 1996ರ ಅಕ್ಟೋಬರ್ 9ರಂದು ನ್ಯೂಯಾರ್ಕಿನಲ್ಲಿ ನಡೆದದ್ದು. ಹನ್ನೆರಡು ವರ್ಷದ ಬಾಲಕನೊಬ್ಬ ಬೇಲಿಯಿಂದ ಈಚೆಗೆ ಗವಸು ಚಾಚಿ, ಎದುರು ತಂಡದ ಫೀಲ್ಡರನಿಗೆ ಸಿಗಬಹುದಾಗಿದ್ದ ಚೆಂಡನ್ನು ಪ್ರೇಕ್ಷಕರ ಕಡೆಗೆ ಎಳೆದುಕೊಂಡ. ಅಂಪೈರ್ ಅದನ್ನು ಅಡ್ಡಿಯೆಂದು ಪರಿಗಣಿಸದೆ ನ್ಯೂಯಾರ್ಕ್ ತಂಡಕ್ಕೆ ಪೂರ್ಣ ಲಾಭ ಕೊಟ್ಟ. 4-3ರಿಂದ ಮುಂದಿದ್ದ ಬಾಲ್ಟಿಮೋರ್ ತಂಡ ಕೊನೆಗೆ 5-4ರಿಂದ ಸೋತಿತು. ಪಂದ್ಯದ ನಂತರ ದೃಶ್ಯವನ್ನು ನೋಡಿದ ಅಂಪೈರ್ ತನ್ನ ತೀರ್ಪು ತಪ್ಪಾಗಿತ್ತೆಂದು ಒಪ್ಪಿಕೊಂಡ. ಆ ಬಾಲಕನೋ ಊರಿನ ವೀರನಾದ. ದೂರದರ್ಶನದ ಕಾರ್ಯಕ್ರಮಗಳಿಗೆ ಅವನನ್ನು ಕರೆಸಿದರು.

ಎರಡನೆಯದು 2003ರ ಅಕ್ಟೋಬರ್ 14ರಂದು ಶಿಕಾಗೋದಲ್ಲಿ. 1908ರ ನಂತರ ಒಮ್ಮೆಯೂ ಕಿರೀಟ ಕಾಣದ ಆ ಊರಿನ ತಂಡ ಅಂದು 3-0ಯಿಂದ ಮುಂದಿತ್ತು. ಇನ್ನು ಐವರು ಔಟಾದರೆ ಅಂತಿಮ ಸರಣಿಗೆ ಪ್ರವೇಶ. ಆಗ ಪ್ರೇಕ್ಷಕರ ಅಂಚಿಗೆ ಬಂದ ಒಂದು ಚೆಂಡಿಗೆ ಹಲವರು ಕೈ ಚಾಚಿದರು. ಅವರಲ್ಲಿ ಒಬ್ಬನ ಕೈಗೆ ಅದು ತಾಗಿ, ಸ್ವಂತ ಊರಿನ ತಂಡದ ಫೀಲ್ಡರನಿಗೆ ತಪ್ಪಿತು. ಚೆಂಡು ಆಗಲೇ ಪ್ರೇಕ್ಷಕರ ಬದಿಯಲ್ಲಿತ್ತು, ಅಡ್ಡಿಯಾಗಿಲ್ಲವೆಂದು ಅಂಪೈರ್ ತೀರ್ಮಾನಿಸಿದ. ಅಂದರೆ ನಿಯಮದ ಪ್ರಕಾರ ಆ ಮನುಷ್ಯನದು ಯಾವ ತಪ್ಪೂ ಇರಲಿಲ್ಲ. ಆಮೇಲೆ ಅದೇ ಸರದಿಯಲ್ಲಿ ತಂಡದ ಆಟಗಾರನೊಬ್ಬ ಸುಲಭವಾದ ಚೆಂಡನ್ನು ಕೈಚೆಲ್ಲಿದ. ಎದುರಾಳಿಗಳು ಎಂಟು ರನ್ ಗಳಿಸಿದರು. ಶಿಕಾಗೋ ಸೋತಿತು, ಮರುದಿನದ ನಿರ್ಣಾಯಕ ಪಂದ್ಯದಲ್ಲಿಯೂ ಸೋತಿತು. ಕೈಚೆಲ್ಲಿದ ಆಟಗಾರನನ್ನು ಜನ ಮರೆತರು. ಆ ಪ್ರೇಕ್ಷಕನ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದರು. ಕಾವಲಿನವರು ಅವನನ್ನು ಸುತ್ತುವರಿದು ಹೊರಗೆ ಕರೆದೊಯ್ಯಬೇಕಾಯಿತು. ಹೆಸರು, ವಿಳಾಸ ಎಲ್ಲವೂ ಬಯಲಾಗಿ ಅವನು ವರ್ಷಗಟ್ಟಲೆ ಜನರ ಕಣ್ಣಿಗೆ ಬೀಳದಂತೆ ಬದುಕಿದ. 2016ರಲ್ಲಿ ಶಿಕಾಗೋ ಕೊನೆಗೂ ಗೆದ್ದಿತು. ಮರುವರ್ಷ ತಂಡದ ಒಡೆಯರು ವಿಜಯದ ಉಂಗುರವೊಂದನ್ನು ಅವನಿಗೆ ಕೊಟ್ಟು ಪ್ರಾಯಶ್ಚಿತ್ತ ಮಾಡಿಕೊಂಡರು. ಅವನ ಹೆಸರು ಜಗತ್ತಿಗೇ ಗೊತ್ತಿದೆ. ಆದರೂ ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಈಗ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಿ. ಇಬ್ಬರೂ ಚೆಂಡಿಗೆ ಕೈ ಚಾಚಿದವರೇ. ನಿಯಮ ಮೀರಿದವನು ಹಾರ ಹಾಕಿಸಿಕೊಂಡ. ನಿಯಮ ಮೀರದವನು ಊರಿನಲ್ಲಿ ತಲೆ ಎತ್ತಿ ನಡೆಯದಂತಾದ. ತೂಗಿದ್ದು ನಮಗೆ ಲಾಭವೋ ನಷ್ಟವೋ ಎಂಬ ಒಂದೇ ಕಲ್ಲಿನಿಂದ. ನಮ್ಮ ಹುಡುಗನನ್ನು ಹೆಗಲ ಮೇಲೆ ಹೊತ್ತು ತಂದ ತರುಣರೂ ಅದೇ ತಕ್ಕಡಿಯನ್ನು ಹಿಡಿದಿದ್ದರು. ಅದೇ ಹುಡುಗ ಅದೇ ಜಾಗದಲ್ಲಿ ನಿಂತು, ಹೊಡೆದವನು ನೆರೆಯೂರಿನವನಾಗಿದ್ದರೆ? ಅವನ ಕೆನ್ನೆಗೆ ಎರಡು ಬೀಳುತ್ತಿದ್ದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇದನ್ನು ದ್ವೇಷ ಅಥವಾ ಸುಳ್ಳುತನ ಎಂದು ಕರೆದು ಮುಗಿಸುವಂತಿಲ್ಲ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒರಟಾದ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಅದರ ಚಿತ್ರವನ್ನು ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಎಣಿಸಲು ಹೇಳಿದರು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1954ರಲ್ಲಿ ಇದರ ಫಲಿತಾಂಶವನ್ನು ಪ್ರಕಟಿಸಿದರು. ಡಾರ್ಟ್‌ಮತ್ ತಂಡದ ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಇನ್ನೊಂದು ಕಡೆಯವರಿಗೆ ಕಂಡುದರ ಎರಡು ಪಟ್ಟಿಗೂ ಹೆಚ್ಚು ಕಂಡಿದ್ದವು. ಚಿತ್ರ ಒಂದೇ. ಯಾರೂ ಬೇಕೆಂದೇ ಸುಳ್ಳು ಹೇಳುತ್ತಿರಲಿಲ್ಲ. ಪ್ರೀತಿಯು ಕಣ್ಣಿನ ಹಿಂದೆ ಕುಳಿತು ಎಣಿಸುತ್ತಿತ್ತು ಅಷ್ಟೆ.

ದೂರದ ದೇಶದ ಮಾತು ಬೇಡ, ನಮ್ಮ ನಾಡಿಗೇ ಬರೋಣ. 2019ರ ಜನವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕರ್ನಾಟಕ ಮತ್ತು ಸೌರಾಷ್ಟ್ರದ ನಡುವೆ ರಣಜಿ ಉಪಾಂತ್ಯ ಪಂದ್ಯ ನಡೆದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 279 ರನ್ನಿನ ಗುರಿ ಬೆನ್ನಟ್ಟುತ್ತಿದ್ದ ಸೌರಾಷ್ಟ್ರದ ಚೇತೇಶ್ವರ ಪೂಜಾರ, ವಿನಯ್ ಕುಮಾರ್ ಅವರ ಎಸೆತದಲ್ಲಿ ಕೀಪರ್‌ಗೆ ಕ್ಯಾಚ್ ಕೊಟ್ಟಂತೆ ಎಲ್ಲರಿಗೂ ಕಂಡಿತು. ಅಂಪೈರ್ ಔಟ್ ಕೊಡಲಿಲ್ಲ. ಪೂಜಾರ ಹೊರನಡೆಯಲಿಲ್ಲ. ಆಗ ಅವರು 34ರಲ್ಲಿದ್ದರು. ಕೊನೆಗೆ 131 ರನ್ ಗಳಿಸಿ ಔಟಾಗದೆ ಉಳಿದರು, ಸೌರಾಷ್ಟ್ರ ಐದು ವಿಕೆಟ್‌ಗಳಿಂದ ಗೆದ್ದಿತು. ಚಿನ್ನಸ್ವಾಮಿಯ ಪ್ರೇಕ್ಷಕರು ಅವರನ್ನು ‘ಚೀಟರ್, ಚೀಟರ್’ ಎಂದು ಕೂಗಿ ಹೀಯಾಳಿಸಿದರು. ಭಾರತಕ್ಕಾಗಿ ಆಡುವಾಗ ಇದೇ ಜನ ಇದೇ ಮನುಷ್ಯನ ತಾಳ್ಮೆಯನ್ನು ಕೊಂಡಾಡಿದ್ದರು. ನಮ್ಮವನೊಬ್ಬ ಹಾಗೆಯೇ ನಿಂತು ಶತಕ ಹೊಡೆದು ಕರ್ನಾಟಕವನ್ನು ಗೆಲ್ಲಿಸಿದ್ದರೆ ಅದೇ ಗ್ಯಾಲರಿ ಏನು ಕೂಗುತ್ತಿತ್ತು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಆ ದಿನ ಕೂಗಿದವರು ನ್ಯಾಯಕ್ಕಾಗಿ ಕೂಗಿದರೆಂದು ನಾನು ಒಪ್ಪಲಾರೆ.

ಪ್ರೇಕ್ಷಕರ ಅಡ್ಡಿಗೆ ಕೈಯೇ ಬೇಕೆಂದಿಲ್ಲ ಎಂಬುದಕ್ಕೆ 1999ರ ಫೆಬ್ರವರಿಯ ಕಲಕತ್ತಾ ಟೆಸ್ಟ್ ಸಾಕ್ಷಿಯಾಗಿದೆ. ಸಚಿನ್ ತೆಂಡೂಲ್ಕರ್ ರನ್ನಿಗಾಗಿ ಓಡುವಾಗ ಪಾಕಿಸ್ತಾನದ ಬೌಲರ್ ಶೋಯಬ್ ಅಖ್ತರ್‌ಗೆ ಡಿಕ್ಕಿಯಾಗಿ, ಚೆಂಡು ವಿಕೆಟ್ಟಿಗೆ ತಾಗಿದಾಗ ಗೆರೆಯ ಹೊರಗಿದ್ದರು. ಮೂರನೆಯ ಅಂಪೈರ್ ಔಟ್ ಕೊಟ್ಟರು. ಎದುರಾಳಿ ಬೇರೆ ದೇಶವಾಗಿದ್ದರೆ ಅದೊಂದು ಅಕಸ್ಮಾತ್ ಎಂದು ಜನ ನಂಬುತ್ತಿದ್ದರೇನೋ. ಬಾಟಲಿಗಳು ಹಾರಿದವು. ಸಚಿನ್ ಸ್ವತಃ ಮೈದಾನದ ಸುತ್ತ ನಡೆದು ಶಾಂತರಾಗಿರಿ ಎಂದು ಕೈಮುಗಿಯಬೇಕಾಯಿತು. ಮರುದಿನ ಮತ್ತೆ ಗಲಾಟೆಯಾಗಿ, ಪೊಲೀಸರು ಸುಮಾರು 65,000 ಪ್ರೇಕ್ಷಕರನ್ನು ಹೊರಗಟ್ಟಿ, ಖಾಲಿ ಕುರ್ಚಿಗಳ ಮುಂದೆ ಪಂದ್ಯವನ್ನು ಮುಗಿಸಲಾಯಿತು. ಭಾರತ 46 ರನ್ನಿನಿಂದ ಸೋತಿತು. ಆ ಪಂದ್ಯದಲ್ಲಿ ನಮ್ಮ ಜಾವಗಲ್ ಶ್ರೀನಾಥ್ ಎರಡೂ ಸರದಿಗಳಲ್ಲಿ ಸೇರಿ 132 ರನ್ನಿಗೆ 13 ವಿಕೆಟ್ ಪಡೆದಿದ್ದರು. ಕನ್ನಡಿಗನೊಬ್ಬನ ಅಷ್ಟು ದೊಡ್ಡ ಸಾಧನೆ ಯಾರಿಗೆ ನೆನಪಿದೆ? ಕಲಕತ್ತಾ ಟೆಸ್ಟ್ ಎಂದರೆ ಜನರಿಗೆ ನೆನಪಾಗುವುದು ಡಿಕ್ಕಿ ಮತ್ತು ಬಾಟಲಿ. ಅದೇ ವರ್ಷ ಜನವರಿ 31ರಂದು ಮದ್ರಾಸಿನಲ್ಲಿ ಭಾರತ ಅದೇ ತಂಡದೆದುರು ಕೇವಲ 12 ರನ್ನಿನಿಂದ ಸೋತಾಗ ಅಲ್ಲಿಯ ಪ್ರೇಕ್ಷಕರು ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದ್ದರು. ಎರಡಕ್ಕೂ ನಡುವೆ ಇದ್ದುದು ಮೂರೇ ವಾರ. ಹಾಗಾಗಿ ‘ಜನರ ಸ್ವಭಾವವೇ ಅಷ್ಟು’ ಎಂಬ ಸಮಾಧಾನವೂ ನಮಗೆ ಉಳಿಯುವುದಿಲ್ಲ.

ಮದ್ರಸದಲ್ಲಿ ಫಿಕ್ಹ್ ಓದುವಾಗ ಸಾಕ್ಷ್ಯದ ಅಧ್ಯಾಯದಲ್ಲಿ ಒಂದು ನಿಯಮ ಬರುತ್ತದೆ. ತಂದೆಯ ಪರವಾಗಿ ಮಗನ ಸಾಕ್ಷ್ಯವನ್ನೂ ಮಗನ ಪರವಾಗಿ ತಂದೆಯ ಸಾಕ್ಷ್ಯವನ್ನೂ ಸ್ವೀಕರಿಸಲಾಗುವುದಿಲ್ಲ. ಅವರು ಸುಳ್ಳುಗಾರರೆಂದು ಇದರ ಅರ್ಥವಲ್ಲ. ಪಕ್ಷಪಾತದ ಶಂಕೆ ಅಲ್ಲಿ ಸಹಜವಾಗಿಯೇ ಇದೆ. ಆದರೆ ತಂದೆಯ ವಿರುದ್ಧ ಮಗನು ಸಾಕ್ಷಿ ಹೇಳಿದರೆ ಅದಕ್ಕೆ ಬೆಲೆಯಿದೆ. ಇಪ್ಪತ್ತರ ಹರೆಯದಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಈ ನಿಯಮದ ತಿರುಳು ನನಗೆ ಹೊಳೆದದ್ದು ಆ ಗದ್ದೆಯ ಜಗಳವನ್ನು ನೆನೆದಾಗ. ಹುಡುಗ ಗೆರೆಯ ಹೊರಗಿದ್ದ ಎಂದು ನಮ್ಮ ಕೇರಿಯ ನೂರು ಜನ ಕೂಗಿದರೂ ಅದರ ತೂಕ ಸೊನ್ನೆ. ಒಳಗಿದ್ದ ಎಂದು ನೆರೆಯೂರಿನ ನೂರು ಜನ ಕೂಗಿದರೂ ಅಷ್ಟೇ. ಇಡೀ ಬಯಲಿನಲ್ಲಿ ಬೆಲೆಯುಳ್ಳ ಸಾಕ್ಷ್ಯ ಇದ್ದುದು, ಒಳಗಿದ್ದನೆಂದು ಹೇಳಬಲ್ಲ ನಮ್ಮವರ ಬಳಿ. ಅಂತಹವರು ನನಗೆ ತಿಳಿದಂತೆ ಇಬ್ಬರು. ಒಬ್ಬ ಆ ಹುಡುಗ, ಇನ್ನೊಬ್ಬ ನಾನು. ಸತ್ಯವಿಶ್ವಾಸಿಗಳು ಸ್ವತಃ ತಮಗೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಆಜ್ಞಾಪಿಸುವುದನ್ನು ನಾನು ಎಷ್ಟೋ ಸಲ ಮಕ್ಕಳಿಗೆ ವಿವರಿಸಿದ್ದೇನೆ.

ನನ್ನ ಮನಸ್ಸು ಸುಮ್ಮನಿರಲಿಲ್ಲ, ಒಳ್ಳೊಳ್ಳೆಯ ನೆಪಗಳನ್ನು ಒದಗಿಸಿತು. ಅಂಪೈರ್ ತೀರ್ಪು ಕೊಟ್ಟ ಮೇಲೆ ನಾನು ಯಾರು? ಪ್ರತಿಯೊಬ್ಬನೂ ಬಾಯಿ ಹಾಕಿದರೆ ಆಟ ನಡೆಯುವುದು ಹೇಗೆ? ಮಗುವಿನ ತಪ್ಪನ್ನು ಮುಚ್ಚಿಡುವುದು ಪುಣ್ಯವಲ್ಲವೇ? ಕೊನೆಯ ನೆಪವು ಬಹಳ ಹೊತ್ತು ನನ್ನನ್ನು ನೆಮ್ಮದಿಯಾಗಿಟ್ಟಿತು. ಇತರರ ತಪ್ಪನ್ನು ಮರೆಮಾಚುವವನ ತಪ್ಪನ್ನು ಅಲ್ಲಾಹನು ಮರೆಮಾಚುವನೆಂಬುದು ನಮಗೆಲ್ಲ ತಿಳಿದದ್ದೇ. ಶಿಕಾಗೋದ ಜನ ಅದನ್ನು ಅರಿತಿದ್ದರೆ ಒಬ್ಬ ಮನುಷ್ಯನ ಬಾಳು ಉಳಿಯುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಆ ಸಂಜೆ ನಾನು ಮುಚ್ಚಿಟ್ಟದ್ದು ಹುಡುಗನ ಮಾನವನ್ನಲ್ಲ, ನಮ್ಮ ಶೀಲ್ಡನ್ನು.

ತೀರ್ಪಿನ ವಿಷಯದಲ್ಲಿ ಮಾತ್ರ ಗಂಭೀರವಾಗಿ ಆಲೋಚಿಸಬೇಕಾಗಿದೆ. ಅಂಪೈರನ ಮಾತೇ ಅಂತಿಮ ಎಂಬುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕ್ರಿಕೆಟಿನ ನಿಯಮಗಳನ್ನು ರೂಪಿಸುವ ಮೆರಿಲ್‌ಬೋನ್ ಕ್ಲಬ್ಬು 2022ರ ಅಕ್ಟೋಬರಿನಿಂದ, ಮೈದಾನದೊಳಗೆ ಬಂದ ಮನುಷ್ಯನಿಂದಲೋ ಪ್ರಾಣಿಯಿಂದಲೋ ಒಂದು ತಂಡಕ್ಕೆ ನಷ್ಟವಾಯಿತೆಂದು ಅಂಪೈರ್‌ಗೆ ಕಂಡರೆ ಆ ಚೆಂಡನ್ನು ‘ಡೆಡ್ ಬಾಲ್’ ಎಂದು ಸಾರಬಹುದೆಂದು ನಿಯಮ ಮಾಡಿದೆ. ಅಲ್ಲಿಯೂ ‘ಅಂಪೈರ್‌ಗೆ ಕಂಡರೆ’ ಎಂಬುದೇ ಆಧಾರ. ಕಾಣದಿದ್ದರೆ? ಪ್ರಾಮಾಣಿಕವಾಗಿ ಪ್ರಯತ್ನಿಸಿ ತಪ್ಪಿದ ನ್ಯಾಯಾಧೀಶನಿಗೂ ಒಂದು ಪ್ರತಿಫಲವಿದೆಯೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಆದುದರಿಂದ ಅಂಪೈರನ ಮೇಲೆ ಕಲ್ಲೆಸೆಯುವ ಹಕ್ಕು ಯಾರಿಗೂ ಇಲ್ಲ.

ಆದರೆ ಉಮ್ಮು ಸಲಮಾ(ರ)ರವರು ವರದಿ ಮಾಡಿರುವ ಇನ್ನೊಂದು ಹದೀಸ್ ಇದೆ. ಅದರಲ್ಲಿ ಪ್ರವಾದಿ(ಸ)ಯವರು ತಮ್ಮ ಬಗ್ಗೆಯೇ ಹೇಳುತ್ತಾರೆ: ತಾವೂ ಮನುಷ್ಯರೇ. ವ್ಯಾಜ್ಯ ತರುವವರಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಚೆನ್ನಾಗಿ ವಾದಿಸಬಹುದು. ಕೇಳಿದ್ದರ ಮೇಲೆ ತೀರ್ಪು ಕೊಟ್ಟು ಒಬ್ಬನಿಗೆ ಅವನ ಸಹೋದರನ ಹಕ್ಕು ಹೋದರೆ, ಅವನು ಪಡೆದದ್ದು ಬೆಂಕಿಯ ತುಂಡು. ವಾಚಕರೇ, ಇದು ಎಂತಹ ಮಾತು ಎಂದು ಯೋಚಿಸಿರಿ. ಪ್ರವಾದಿ(ಸ)ಯವರ ಬಾಯಿಂದ ಬಂದ ತೀರ್ಪು ಕೂಡ, ಸತ್ಯ ತಿಳಿದಿರುವವನ ಮನಸ್ಸಾಕ್ಷಿಯನ್ನು ಬಿಡುಗಡೆ ಮಾಡುವುದಿಲ್ಲ. ತೀರ್ಪು ಇರುವುದು ಜಗಳ ನಿಲ್ಲಲಿಕ್ಕೆ. ಕಂಡದ್ದನ್ನು ಕಾಣದ್ದಾಗಿ ಮಾಡುವ ಶಕ್ತಿ ಅದಕ್ಕಿಲ್ಲ. ನಾಲ್ಕು ರನ್ನು ಆಸ್ತಿಯಂತಹ ಹಕ್ಕೇ ಎಂದು ನೀವು ಕೇಳಬಹುದು. ಗದ್ದೆಯ ಆಟದ ಬೌಂಡರಿಯ ಮೇಲೆ ಫತ್ವಾ ಹೊರಡಿಸುವಷ್ಟು ದೊಡ್ಡವನು ನಾನಲ್ಲ. ಹುಡುಗನ ಎದೆಯಲ್ಲಿ ಅದು ಸುಡುತ್ತಿತ್ತು ಎಂಬುದನ್ನು ಮಾತ್ರ ಕಣ್ಣಾರೆ ಕಂಡೆ.

ಕನ್ನಡದಲ್ಲಿ ಸಾಕ್ಷಿ ಎಂದರೆ ಕಣ್ಣುಳ್ಳವನು, ಕಣ್ಣಾರೆ ಕಂಡವನು. ಅರಬಿಯ ‘ಶಾಹಿದ್’ ಎಂಬ ಪದಕ್ಕೆ ಹಾಜರಿದ್ದವನು ಎಂದರ್ಥ. ಪ್ರೇಕ್ಷಕನು ಎರಡೂ ಹೌದು, ಹಾಜರಿದ್ದಾನೆ, ಕಂಡಿದ್ದಾನೆ. ಟಿಕೆಟ್ ಕೊಂಡೋ ಕೊಳ್ಳದೆಯೋ ಬಂದು ಗೆರೆಯ ಹೊರಗೆ ನಿಂತ ಮಾತ್ರಕ್ಕೆ ಅವನು ಆಟದ ಹೊರಗಿನವನಾಗುವುದಿಲ್ಲ.

ಹಾಗೆ ಆಟದೊಳಗೇ ಇದ್ದು ತಮ್ಮವರಿಗೆ ವಿರುದ್ಧವಾಗಿ ನಿಂತವರು ಇಲ್ಲವೇ? ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1980ರ ಫೆಬ್ರವರಿಯಲ್ಲಿ ಬೊಂಬಾಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಭಾರತದ ನಾಯಕರಾಗಿದ್ದರು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡು ಕುಸಿದಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್ಪಿನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಗೊತ್ತಿತ್ತು. ಅವರು ಅಂಪೈರ್‌ಗೆ ಹೇಳಿ ಟೇಲರನ್ನು ಹಿಂದಕ್ಕೆ ಕರೆಸಿಕೊಂಡರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ನಿನ ಜೊತೆಯಾಟ ಆಡಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಸತ್ಯ ಹೇಳಿದವನಿಗೆ ಗೆಲುವು ಸಿಗುತ್ತದೆ ಎಂದು ನಾವು ಮಕ್ಕಳಿಗೆ ಕಥೆ ಹೇಳುತ್ತೇವಲ್ಲ, ಇಲ್ಲಿ ಹಾಗಾಗಲಿಲ್ಲ. ವಿಶ್ವನಾಥ್ ಸೋತರು. ಅದನ್ನು ಮಕ್ಕಳಿಂದ ಬಚ್ಚಿಡಬಾರದು.

ಸೋಲಿನ ಮಾತು ಬಂದಾಗ ಪ್ರವಾದಿ(ಸ)ಯವರ ಒಂಟೆಯ ಪ್ರಸಂಗ ನೆನಪಾಗುತ್ತದೆ. ಅಲ್‌ಅದ್ಬಾ ಎಂಬ ಆ ಒಂಟೆಯನ್ನು ಓಟದಲ್ಲಿ ಯಾವುದೂ ಮೀರಿಸುತ್ತಿರಲಿಲ್ಲ. ಒಮ್ಮೆ ಗ್ರಾಮೀಣ ಅರಬನೊಬ್ಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಹಿಂದಿಕ್ಕಿದ. ಸಹಾಬಿಗಳಿಗೆ ಬಹಳ ನೋವಾಯಿತು. ಅವರ ಮುಖ ನೋಡಿಯೇ ಅದನ್ನು ಅರಿತ ಪ್ರವಾದಿ(ಸ)ಯವರು, ಲೋಕದಲ್ಲಿ ಮೇಲೇರಿದ ಪ್ರತಿಯೊಂದನ್ನೂ ಕೆಳಗಿಳಿಸುವುದು ಅಲ್ಲಾಹನ ಕ್ರಮವೆಂದು ತಿಳಿಸಿದರು. ಅನಸ್(ರ)ರವರಿಂದ ಬುಖಾರಿಯಲ್ಲಿ ವರದಿಯಾಗಿರುವ ಈ ಪ್ರಸಂಗ ನನಗೆ ಪ್ರಿಯವಾಗಲು ಕಾರಣವಿದೆ. ಸಹಾಬಿಗಳೂ ಅಭಿಮಾನಿಗಳೇ ಆಗಿದ್ದರು, ಅವರಿಗೂ ನೋವಾಯಿತು, ಅದಕ್ಕಾಗಿ ಅವರನ್ನು ಗದರಿಸಲಿಲ್ಲ. ಆ ಅರಬನ ಓಟದಲ್ಲಿ ಯಾರೂ ತಪ್ಪು ಹುಡುಕಲೂ ಹೋಗಲಿಲ್ಲ.

ಮುಂದಿನ ಭಾನುವಾರ ಹುಡುಗನನ್ನು ಕರೆದುಕೊಂಡು ನೆರೆಯೂರಿಗೆ ಹೋದೆ. ಹೋಗುವ ಮೊದಲು ಅವನ ತಂದೆಯನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ ಸರಿ ಎಂದರು. ನಮ್ಮ ತಂಡದ ನಾಯಕನಿಗೂ ತಿಳಿಸಿದೆ. “ಹಜ್ರತ್, ನೀವು ಮಕ್ಕಳಿಗೆ ಅಲಿಫ್ ಬೇ ಕಲಿಸಿ ಸಾಕು” ಎಂದು ಅವನು ಎದ್ದು ಹೋದ.

ಅಂದು ಚೆಂಡಿಗೆ ಕೈ ಚಾಚಿದ್ದ ಫೀಲ್ಡರ್ ಮನೆಯಂಗಳದಲ್ಲಿ ಅಡಿಕೆ ಸುಲಿಯುತ್ತಾ ಕುಳಿತಿದ್ದ. ಹುಡುಗ ನೆಲ ನೋಡುತ್ತಾ, ತಾನು ಒಳಗಿದ್ದುದನ್ನೂ ಕಾಲು ತೆಗೆಯದೆ ಇದ್ದುದನ್ನೂ ಹೇಳಿದ. ನಾನು ಕಂಡದ್ದನ್ನು ನಾನೂ ಹೇಳಿದೆ, ಅಂದೇ ಹೇಳಬೇಕಾಗಿತ್ತು ಎಂದೂ ಹೇಳಿದೆ. ಅವನು ಕತ್ತಿಯನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ಸುಮ್ಮನಿದ್ದ.

“ಖರೆ ಹೇಳ್ಬೇಕು ಅಂದ್ರೆ ಮಾಸ್ತರೇ, ಅದು ನನ್ನ ಕೈಗೆ ಸಿಕ್ತಿತ್ತೋ ಇಲ್ವೋ ನನಗೇ ಗೊತ್ತಿಲ್ಲ. ಸಿಕ್ತಿತ್ತು ಅಂತ ಅವತ್ತು ಕೂಗಿದ್ದು ಹೌದು” ಎಂದ.

ಒಳಗಿನಿಂದ ಅವನ ತಾಯಿ ಆಸ್ರಿಗೆ ಏನು ಬೇಕು ಎಂದು ಕೇಳಿದರು. ಹುಡುಗ ಎರಡು ಲೋಟ ಮಜ್ಜಿಗೆ ಕುಡಿದ.

ಶೀಲ್ಡು ಈಗಲೂ ನಮ್ಮ ಕೇರಿಯ ಅಂಗಡಿಯ ಕಪಾಟಿನಲ್ಲಿದೆ. ತಂಡದ ನಾಯಕ ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ಜುಮುಅದ ದಿನ ಹಿಂದಿನ ಸಾಲಿನಲ್ಲಿ ಕುಳಿತು, ಸಲಾಮ್ ಹೇಳಿದರೆ ಉತ್ತರ ಕೊಟ್ಟು ಬೇಗ ಹೊರಟು ಹೋಗುತ್ತಾನೆ. ಈ ಸಲ ಕೊಯ್ಲು ಮುಗಿದ ಮೇಲೆ ಗೆರೆಗೆ ಸುಣ್ಣದ ಬದಲು ಹಗ್ಗ ಕಟ್ಟುವ ಮಾತು ನಡೆಯುತ್ತಿದೆ.